ಪಾದ ಊರಿ ನಿಂತ ಅಕ್ಷರ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಒಂದೊಂದಾಗಿ ಹೆಸರಿಡುತ್ತಿದ್ದ ಕಾಲದಲ್ಲಿ, ಹೊಂಗರೆ ಎಂಬ ರಾಜ್ಯವಿತ್ತು. ಅರವತ್ತನಾಲ್ಕು ಊರುಗಳ ರಾಜ್ಯ. ಪೊನ್ನರಸ ಎಂಬ ಒಳ್ಳೆಯ ದೊರೆ ಅದನ್ನು ಆಳುತ್ತಿದ್ದ. ಆ ರಾಜ್ಯದ ಜನಕ್ಕೆ ಅಕ್ಷರವೆಂದರೆ ಬಲು ಪ್ರೀತಿ. ಊರಬಾಗಿಲಲ್ಲಿ ಊರಿನ ಹೆಸರು, ಕವಲುದಾರಿಯಲ್ಲಿ ದಾರಿಯ ಹೆಸರು, ಹೊಳೆಯ ದಡದಲ್ಲಿ ಎಚ್ಚರಿಕೆಯ ಮಾತು, ವೈದ್ಯರ ಭರಣಿಯ ಮೇಲೆ ಮದ್ದಿನ ಹೆಸರು, ಹೀಗೆ ಎಲ್ಲೆಲ್ಲೂ ಬರಹವಿತ್ತು.

ಊರುಗಳ ಫಲಕಗಳನ್ನೆಲ್ಲ ಕೆತ್ತಿದವನು ಕಲ್ಲುಕೊಪ್ಪಲಿನ ಮಾಳೋಜ. ನಲವತ್ತು ವರ್ಷ ಅದೇ ಕೆಲಸ ಮಾಡಿದ್ದ. ಅವನ ಅಕ್ಷರಗಳು ಮಲ್ಲಿಗೆಯ ಮೊಗ್ಗಿನ ಹಾಗೆ ಸಣ್ಣಗೆ, ನೆಟ್ಟಗೆ, ನಾಜೂಕಾಗಿ ಇರುತ್ತಿದ್ದವು. ಹೆಂಡತಿ ತೀರಿಕೊಂಡಿದ್ದಳು. ಮಗ ಸಿಂಗೋಜ ಉಪ್ಪಿನ ಗಾಡಿ ಹೊಡೆಯುತ್ತಿದ್ದ. ಮಗಳು ಚಂದಲೆ ಅಪ್ಪನ ಪಕ್ಕದಲ್ಲಿ ಕೂತು ಉಳಿ ಹಿಡಿಯುತ್ತಿದ್ದಳು. ಅವಳಿಗೆ ಇಪ್ಪತ್ತು ವರ್ಷ. ಕೈ ಗಟ್ಟಿ, ಮಾತು ಕಡಿಮೆ, ಹಟ ಜಾಸ್ತಿ.

ಒಂದು ದಿನ ಸಿಂಗೋಜ ಉಪ್ಪು ತರಲು ಗಾಡಿ ಕಟ್ಟಿಕೊಂಡು ಹೋದ. ಅದೇ ಸಂಜೆ ಪಡುವಣದಿಂದ ಒಂದು ಗಾಳಿ ಬಂತು. ಅದು ಎಲೆ ಉದುರಿಸಲಿಲ್ಲ, ಹುಲ್ಲುಮಾಡು ಹಾರಿಸಲಿಲ್ಲ. ಅಕ್ಷರಗಳನ್ನು ಮಾತ್ರ ಹಾರಿಸಿಕೊಂಡು ಹೋಯಿತು. ಕಲ್ಲಿನಿಂದ, ಮರದಿಂದ, ತಾಮ್ರದಿಂದ ಅಕ್ಷರಗಳು ಒಣಗಿದ ಹೊಟ್ಟಿನಂತೆ ಎದ್ದು ಆಕಾಶಕ್ಕೆ ಹೋದವು. ಮರುದಿನ ನೋಡಿದರೆ ಹೊಂಗರೆಯ ಅಷ್ಟೂ ಫಲಕಗಳು ಬೋಳು. ಆಮೇಲೆ ದಿನವೂ ಸಂಜೆ ಆ ಗಾಳಿ ಬೀಸತೊಡಗಿತು.

ಮೂರು ದಿನ ಕಳೆದ ಮೇಲೆ ಇನ್ನೂ ದೊಡ್ಡ ಆಪತ್ತು ಬಂತು. ಯಾರ ಊರಿನ ಹೆಸರು ಅಳಿಸಿಹೋಗಿತ್ತೋ, ಆ ಊರಿಂದ ಹೊರಗಿದ್ದವರಿಗೆಲ್ಲ ಊರೇ ಮರೆತುಹೋಯಿತು. ಮನೆಯಲ್ಲಿದ್ದವರು ಉಳಿದರು. ದಾರಿಯಲ್ಲಿದ್ದವರು ದಿಕ್ಕು ತಪ್ಪಿದರು. ಏಳುನೂರು ಜನ ಹಾಗೆ ಕಾಣೆಯಾದರು. ಅವರಲ್ಲಿ ಸಿಂಗೋಜನೂ ಒಬ್ಬ.

ಆ ಗಾಳಿಯನ್ನು ಬಿಟ್ಟವನು ಶೂನ್ಯಕೇತ ಎಂಬ ಮಾಂತ್ರಿಕ. ಅವನು ಬಿಳಿಯ ನಿಲುವಂಗಿ ತೊಟ್ಟು ಪೊನ್ನರಸನ ಓಲಗಕ್ಕೆ ಬಂದ.

"ದೊರೆಯೇ, ನಿನ್ನ ಅಜ್ಜ ಈ ರಾಜ್ಯವನ್ನು ನನಗೆ ಬರೆದುಕೊಟ್ಟಿದ್ದ," ಅಂದ.

"ಸುಳ್ಳು! ಆ ಶಾಸನ ಎಲ್ಲಿದೆ, ತೋರಿಸು," ಅಂದ ದೊರೆ.

"ನಿನ್ನದು ಅನ್ನುವುದಕ್ಕೆ ಶಾಸನ ಎಲ್ಲಿದೆ? ನೀನೇ ತೋರಿಸು," ಎಂದು ಮಾಂತ್ರಿಕ ನಕ್ಕ. "ಬರೆದದ್ದು ಏನೂ ಇಲ್ಲದ ನಾಡಿನಲ್ಲಿ ನಾನು ಹೇಳಿದ್ದೇ ಶಾಸನ. ನಿನ್ನ ಏಳುನೂರು ಜನ ಬೋಳುಬಯಲಿನಲ್ಲಿ ನನಗೆ ಅರಮನೆ ಕಟ್ಟುತ್ತಿದ್ದಾರೆ. ಅದೇ ತಮ್ಮ ಊರು ಅಂತ ನಂಬಿದ್ದಾರೆ. ಬರುವ ಹುಣ್ಣಿಮೆಯ ದಿನ ಕಳಶ ಇಡುತ್ತೇನೆ. ಆಮೇಲೆ ಅವರೂ ನನ್ನವರು, ರಾಜ್ಯವೂ ನನ್ನದು."

ಅವನು ಹೊರಟುಹೋದ ಮೇಲೆ ಆಸ್ಥಾನದ ಮುದಿ ಜೋಯಿಸರು ಕಣ್ಣುಮುಚ್ಚಿ ಕೂತು ಹೇಳಿದರು: "ಮರೆತವರು ತಮ್ಮ ಊರಿನ ಹೆಸರನ್ನು ಮತ್ತೆ ಕಣ್ಣಾರೆ ಓದಿದರೆ ನೆನಪು ಬರುತ್ತದೆ. ಬೇರೆ ಉಪಾಯವಿಲ್ಲ. ಆದರೆ ಅವನ ಗಾಳಿಗೆ ನಿಲ್ಲುವ ಅಕ್ಷರ ಬೇಕು."

ಗಾಳಿಗೆ ನಿಲ್ಲುವ ಅಕ್ಷರ ಬರೆದು ಬೋಳುಬಯಲಿನಿಂದ ಜನರನ್ನು ಕರೆತರುವವರು ಬೇಕೆಂದು ದೊರೆ ಅರವತ್ತನಾಲ್ಕು ಊರಿಗೂ ಡಂಗುರ ಹೊಡೆಸಿದ.

ಮಾಳೋಜ ಅಂದೇ ಉಳಿ ಹಿಡಿದ. ತನ್ನ ಹಳೆಯ ಅಕ್ಷರವನ್ನೇ ಇನ್ನಷ್ಟು ಆಳವಾಗಿ ಕೆತ್ತಿ ಊರಬಾಗಿಲಿಗೆ ಕಟ್ಟಿದ. ಸಂಜೆ ಗಾಳಿ ಬಂತು. ಅಕ್ಷರ ಹಾರಿಹೋಯಿತು. ಮುದುಕ ಫಲಕದ ಕೆಳಗೇ ಕೂತುಬಿಟ್ಟ.

ಮರುದಿನ ಚಂದಲೆ ಬೆರಳು ದಪ್ಪದ ಗೆರೆಗಳಲ್ಲಿ ಅಕ್ಷರ ಕೆತ್ತಿದಳು. ಸಂಜೆ ಗಾಳಿ ಬಂದಾಗ ಆ ಅಕ್ಷರ ಅರೆಗಳಿಗೆ ನಿಂತಿತು. ಆಮೇಲೆ ಎದೆಗೆ ಕೈಯಿಟ್ಟು ನೂಕಿಸಿಕೊಂಡ ಡೊಳ್ಳುಹೊಟ್ಟೆಯವನ ಹಾಗೆ ಹಿಂದಕ್ಕೆ ಮಗುಚಿ ಬಿತ್ತು.

"ನೆಟ್ಟಗಿದ್ದರೆ ಎದೆಗೇ ಏಟು," ಎಂದುಕೊಂಡಳು ಚಂದಲೆ.

ಆ ಹೊತ್ತಿಗೆ ಕುಂಬಾರರ ಹೊನ್ನಕ್ಕ ತಲೆಯ ಮೇಲೆ ಮಡಕೆಯ ಹೊರೆ ಹೊತ್ತು ಗಾಳಿಗೆದುರಾಗಿ ಬರುತ್ತಿದ್ದಳು. ಅವಳ ಮೈ ಮುಂದಕ್ಕೆ ಓರೆಯಾಗಿತ್ತು. ಪಾದಗಳು ಅಗಲವಾಗಿ, ಚಪ್ಪಟೆಯಾಗಿ ನೆಲಕ್ಕೆ ಕಚ್ಚಿಕೊಂಡಿದ್ದವು. ಒಂದು ಮಡಕೆಯೂ ಅಲುಗಲಿಲ್ಲ. ಚಂದಲೆ ಅವಳನ್ನು ಮನೆಯತನಕ ಹಿಂಬಾಲಿಸಿ ನೋಡಿದಳು.

"ಏನೇ ಹುಡುಗಿ, ನನ್ನ ಕಾಲೇ ನೋಡ್ತಿದೀಯ?" ಅಂದಳು ಹೊನ್ನಕ್ಕ.

"ಅಕ್ಕಾ, ನಿನ್ನ ಕಾಲಲ್ಲಿ ವಿದ್ಯೆ ಇದೆ," ಎಂದು ಹೇಳಿ ಚಂದಲೆ ಮನೆಗೆ ಓಡಿದಳು.

ಹೊನ್ನೆಮರದ ಹಲಗೆ ತೆಗೆದಳು. ಈ ಸಲ ಅಕ್ಷರದ ಮೈಯನ್ನು ಹೆಬ್ಬೆರಳು ದಪ್ಪ ಮಾಡಿದಳು. ನಡೆಯುವವರ ಹಾಗೆ ಅದನ್ನು ಬಲಕ್ಕೆ ಓರೆಯಾಗಿಸಿದಳು. ತಲೆಕಟ್ಟನ್ನು ಬಾಗಿಲ ಮೇಲಿನ ತೊಲೆಯಂತೆ ಚಚ್ಚೌಕ ಮಾಡಿದಳು. ಗೆರೆ ಎಲ್ಲೆಲ್ಲಿ ಮುಗಿಯುತ್ತದೋ ಅಲ್ಲೆಲ್ಲ ಇಟ್ಟಿಗೆಯಂಥ ಒಂದು ಪಾದ ಕೊಟ್ಟಳು. ಮಾಳೋಜ ಬಂದು ನೋಡಿದ.

"ಇದೇನು ಮಗಳೇ? ಅಕ್ಷರವೋ, ಎಮ್ಮೆಯೋ?"

"ಎಮ್ಮೆಯೇ ಅನ್ನಪ್ಪಾ. ಗಾಳಿಗೆ ಹಾರಿದ ಎಮ್ಮೆಯನ್ನು ಎಲ್ಲಾದರೂ ಕಂಡಿದ್ದೀಯಾ?"

ಸಂಜೆ ಗಾಳಿ ಬಂತು. ಊರೆಲ್ಲ ಬಾಗಿಲಲ್ಲಿ ನಿಂತು ನೋಡಿತು. ಗಾಳಿ ಅಕ್ಷರದ ಬೆನ್ನ ಮೇಲೆ ಹತ್ತಿ ಆಚೆ ಇಳಿದು ಹೋಯಿತು. 'ಕಲ್ಲುಕೊಪ್ಪಲು' ಅಲುಗದೆ ನಿಂತಿತ್ತು. ಮಾಳೋಜ ಒಳಗೆ ಹೋಗಿ ತನ್ನ ಹತಾರದ ಚೀಲ ಕಟ್ಟಿದ.

"ನಿನಗೇಕಪ್ಪಾ ಈ ವಯಸ್ಸಿನಲ್ಲಿ ಅಷ್ಟು ದೂರದ ದಾರಿ?" ಅಂದಳು ಚಂದಲೆ.

"ಅವನು ನನ್ನ ಮಗನಲ್ಲವೇ?" ಅಂದ ಮಾಳೋಜ.

ಇಬ್ಬರೂ ಎತ್ತಿನ ಗಾಡಿಯಲ್ಲಿ ಹೊನ್ನೆ ಹಲಗೆಗಳನ್ನು ಹೇರಿಕೊಂಡು ಬೋಳುಬಯಲಿಗೆ ಹೊರಟರು. ಹುಣ್ಣಿಮೆಗೆ ಒಂಬತ್ತು ದಿನ ಇತ್ತು.

ಮೂರನೆಯ ದಿನ ಕಿರುಗಣಿವೆ ಸಿಕ್ಕಿತು. ಅಲ್ಲಿ ಶೂನ್ಯಕೇತನ ಗಾಳಿಗೂಳಿ ಕಾವಲಿತ್ತು. ಅದರ ಮೈ ಗಾಳಿ, ಕೋಡು ದೂಳು. ಅಕ್ಷರ ಹಾರಿಸುವ ಗಾಳಿಯೆಲ್ಲ ಅದರ ಮೂಗಿನಿಂದಲೇ ಹೊರಡುತ್ತಿತ್ತು.

"ಈ ಕಣಿವೆಯಲ್ಲಿ ಬರೆದದ್ದು ಯಾವುದೂ ನಿಲ್ಲುವುದಿಲ್ಲ. ನಿಂತರೆ ನಾನು ದಾರಿ ಬಿಡುತ್ತೇನೆ," ಎಂದು ಗೂಳಿ ಗುಟುರು ಹಾಕಿತು.

ಚಂದಲೆ ಬಂಡೆಗೆ ಹಲಗೆ ಬಿಗಿದು 'ಹೊಂಗರೆ' ಎಂದು ಕೆತ್ತಿದಳು. ಅಕ್ಷರದ ಓರೆ ಗೂಳಿಗೆ ಎದುರಾಗುವಂತೆ ನೋಡಿಕೊಂಡಳು. ಗೂಳಿ ಒಮ್ಮೆ ಉಸಿರು ಬಿಟ್ಟಿತು. ಅಕ್ಷರ ನಿಂತಿತು. ಎರಡನೆಯ ಸಲ ಉಸಿರು ಬಿಟ್ಟಿತು. ಕಣಿವೆಯ ಗಿಡಗಳು ನೆಲಕ್ಕೆ ಮಲಗಿದವು, ಅಕ್ಷರ ನಿಂತಿತು. ಮೂರನೆಯ ಸಲ ಗೂಳಿ ಓಡಿಬಂದು ಕೋಡಿನಿಂದಲೇ ಹಾಯಿತು. ಅದರ ದೂಳಿನ ಕೋಡು 'ಹೊಂ' ಅಕ್ಷರದ ಪಾದಕ್ಕೆ ತಗಲಿ ಪುಡಿಯಾಯಿತು.

ಗೂಳಿ ತಲೆತಗ್ಗಿಸಿ ಬಹಳ ಹೊತ್ತು ಅಕ್ಷರವನ್ನು ಮೂಸಿತು.

"ಇದಕ್ಕೆ ಕಾಲಿದೆ," ಅಂದಿತು. "ಕಾಲಿದ್ದದ್ದನ್ನು ನಾನು ಹಾರಿಸಲಾರೆ. ಹೋಗಿ." ಎಂದು ಪಕ್ಕಕ್ಕೆ ಸರಿದು ಮಲಗಿತು. ಅಂದಿನಿಂದ ಹೊಂಗರೆಯ ಸಂಜೆಗಳು ನಿಶ್ಚಿಂತವಾದವು.

ಆರನೆಯ ದಿನ ನೀಲಹೊಳೆ ಸಿಕ್ಕಿತು. ಹೊಳೆ ದಾಟುವ ಕಡೆಯಲ್ಲಿ ಒಂದು ಮಡುವಿತ್ತು. ಅದರ ಪಕ್ಕದ ಬಂಡೆಯ ಮೇಲೆ ಮಾಂತ್ರಿಕನ ಮಂಜುಕೊಕ್ಕರೆ ಒಂಟಿ ಕಾಲಲ್ಲಿ ನಿಂತಿತ್ತು. ಅದು ರೆಕ್ಕೆ ಬಿಚ್ಚಿದರೆ ಎರಡೂ ದಡಕ್ಕೆ ಹಾಲಿನಂಥ ಮಂಜು. ದಾರಿಹೋಕರು ಕಣ್ಣು ಕಾಣದೆ ಮಡುವಿಗೆ ಇಳಿಯುತ್ತಿದ್ದರು.

"ನನ್ನ ಮಂಜಿನಲ್ಲಿ ಓದಲು ಬರುವಂಥದ್ದನ್ನು ಬರೆ. ಬರೆದರೆ ನಾನು ಹಾರಿಹೋಗುತ್ತೇನೆ," ಎಂದಿತು ಕೊಕ್ಕರೆ.

ಚಂದಲೆಗೆ ಗೂಳಿಯನ್ನು ಗೆದ್ದ ಹುರುಪಿತ್ತು. ಹಲಗೆಯ ಮೇಲೆ 'ಮಡು' ಎಂದು ಹಿಂದೆಂದೂ ಇಲ್ಲದಷ್ಟು ದಪ್ಪಗೆ ಕೆತ್ತಿ, ಕಪ್ಪು ತುಂಬಿ, ನೀರಿನ ಅಂಚಿಗೆ ನೆಟ್ಟಳು. ಕೊಕ್ಕರೆ ರೆಕ್ಕೆ ಬಿಚ್ಚಿತು. ಚಂದಲೆ ಐವತ್ತು ಹೆಜ್ಜೆ ಹಿಂದೆ ಹೋಗಿ ನೋಡಿದಳು. ಮಂಜಿನಲ್ಲಿ ಎರಡು ಕರಿ ಮುದ್ದೆ ಕಂಡವು. ಮಲಗಿದ ನಾಯಿಯೂ ಇರಬಹುದು, ಸುಟ್ಟ ಕೊರಡೂ ಇರಬಹುದು. ಅಕ್ಷರವಂತೂ ಅಲ್ಲ.

ಕೊಕ್ಕರೆ ಕೊಕ್ಕು ಕಟಕಟಿಸಿ ನಕ್ಕಿತು. ಚಂದಲೆಯ ಮುಖ ಸಣ್ಣಗಾಯಿತು.

ಮಾಳೋಜ ಹಲಗೆಯ ಹತ್ತಿರ ಹೋಗಿ 'ಮ'ದ ಸುರುಳಿಯ ಮೇಲೆ ಬೆರಳಾಡಿಸಿದ.

"ಮಗಳೇ, ಇಲ್ಲಿ ನೋಡು. ಮೈ ಬೆಳೆಸುವ ಭರದಲ್ಲಿ ಹೊಟ್ಟೆ ಮುಚ್ಚಿಬಿಟ್ಟಿದ್ದೀಯ. ಅಕ್ಷರಕ್ಕೂ ಒಳಗೊಂದಿಷ್ಟು ಬಯಲು ಬೇಕಮ್ಮ. ನಾವು ಓದುವುದು ಕಪ್ಪನ್ನಷ್ಟೇ ಅಲ್ಲ, ಕಪ್ಪಿನ ನಡುವಿನ ಬಿಳುಪನ್ನೂ ಓದುತ್ತೇವೆ."

ಚಂದಲೆ ಅಪ್ಪನ ಕೈಯ ಸಣ್ಣ ಉಳಿಯನ್ನೇ ಕೇಳಿ ತೆಗೆದುಕೊಂಡು, ಹೊಸ ಹಲಗೆಯಲ್ಲಿ ಮತ್ತೆ ಕೆತ್ತಿದಳು. ಹೊರಗಿನ ದಪ್ಪ ಹಾಗೇ ಇತ್ತು, ಒಳಗಿನ ಸುರುಳಿಗಳು ಸಲೀಸಾಗಿ ಬಿಚ್ಚಿಕೊಂಡವು. ಒಂದು ಅಕ್ಷರಕ್ಕೂ ಮತ್ತೊಂದಕ್ಕೂ ಎರಡು ಬೆರಳು ಎಡೆ ಬಿಟ್ಟಳು.

ಕೊಕ್ಕರೆ ಮತ್ತೆ ರೆಕ್ಕೆ ಬಿಚ್ಚಿತು. ಅದೇ ಹೊತ್ತಿಗೆ ಹಿಂದಿನ ದಾರಿಯಿಂದ ಒಂದು ಗಾಡಿ ದಡದಡ ಬಂತು. ಗಾಡಿಯಲ್ಲಿ ಬಸುರಿ ಹೆಂಗಸೊಬ್ಬಳು ಕೂತಿದ್ದಳು, ಗಂಡ ಎತ್ತು ಹೊಡೆಯುತ್ತಿದ್ದ. ಎತ್ತುಗಳು ನೀರಿನ ವಾಸನೆಗೆ ಓಡುತ್ತಿದ್ದವು.

"ಮಡು! ಮಡು ಅಂತ ಬರೆದಿದೆ ಕಣ್ರೀ, ನಿಲ್ಲಿಸಿ!" ಎಂದು ಅವಳು ಕೂಗಿದಳು.

ಗಂಡ ಹಗ್ಗ ಜಗ್ಗಿದ. ನೀರಿಗೆ ಒಂದು ಮಾರು ಇರುವಾಗ ಗಾಡಿ ನಿಂತಿತು. ಅವರಿಬ್ಬರೂ ಗಾಡಿಯಿಂದಿಳಿದು ಹಲಗೆಯ ಮುಂದೆ ಕೈಮುಗಿದರು. ಕೊಕ್ಕರೆ ಆ ಎರಡು ಅಕ್ಷರಗಳನ್ನು ಮಂಜಿನಿಂದ ನುಂಗಲು ಮೂರು ಸಲ ನೋಡಿತು. ಮೂರು ಸಲವೂ ಗಂಟಲಲ್ಲಿ ಸಿಕ್ಕಿಕೊಂಡವು. ಕೆಮ್ಮುತ್ತ ಕೆಮ್ಮುತ್ತ ಹಾರಿಹೋಯಿತು. ಮಂಜು ಕರಗಿ ಹೊಳೆ ಕಂಡಿತು.

ಹುಣ್ಣಿಮೆಯ ದಿನ ಬೆಳಿಗ್ಗೆ ಅಪ್ಪ ಮಗಳು ಬೋಳುಬಯಲಿಗೆ ಬಂದರು. ಅಲ್ಲಿ ಮರವಿಲ್ಲ, ಕಲ್ಲುಗುರುತಿಲ್ಲ, ದಾರಿಯಿಲ್ಲ. ನಡುವೆ ಬಿಳಿಯ ಅರಮನೆ ಎದ್ದಿತ್ತು, ಕಳಶ ಮಾತ್ರ ಬಾಕಿ. ಏಳುನೂರು ಜನ ಕಲ್ಲು ಹೊತ್ತು ಸಾಲಾಗಿ ನಡೆಯುತ್ತಿದ್ದರು. ಯಾರ ಮುಖದಲ್ಲೂ ದುಃಖವಿರಲಿಲ್ಲ, ಸುಖವೂ ಇರಲಿಲ್ಲ. ಸಾಲಿನಲ್ಲಿ ಸಿಂಗೋಜನಿದ್ದ.

"ಅಣ್ಣಾ!" ಎಂದು ಚಂದಲೆ ಓಡಿಹೋಗಿ ಅವನ ತೋಳು ಹಿಡಿದಳು.

ಅವನು ಮೆತ್ತಗೆ ಕೈ ಬಿಡಿಸಿಕೊಂಡ. "ಯಾರಮ್ಮಾ ನೀವು? ದಾರಿ ಬಿಡಿ. ನಮ್ಮೂರಿನ ಕೆಲಸ ಇದೆ."

ಮಾಳೋಜ ಅವನ ಬೆನ್ನನ್ನೇ ನೋಡುತ್ತ ನಿಂತ. ಚಂದಲೆ ಕಣ್ಣೊರೆಸಿಕೊಂಡು ಹಲಗೆಗಳನ್ನು ಇಳಿಸಿದಳು. ಆರು ಹಲಗೆ ಜೋಡಿಸಿ ಗೋಡೆಯಂತೆ ನಿಲ್ಲಿಸಿ, ಆಳೆತ್ತರದ ಅಕ್ಷರಗಳಲ್ಲಿ 'ಊರಿಗೆ' ಎಂದು ಕೆತ್ತಿದಳು. ಮಾಳೋಜ ದಿಕ್ಕು ನೋಡಿ ಹಲಗೆಯನ್ನು ತಿರುಗಿಸಿಕೊಟ್ಟ. "ಹೊಂಗರೆ ಬಲಗಡೆಗೆ ಬರಲಿ. ಅಕ್ಷರ ಎತ್ತ ಬಾಗಿದೆಯೋ ಜನವೂ ಅತ್ತಲೇ ನೋಡುತ್ತಾರೆ."

ಹಾಗೇ ಆಯಿತು. ನಡೆಯುತ್ತಿದ್ದವರು ನಡೆಯುತ್ತಲೇ ಅದನ್ನು ಓದಿದರು. ಮೊದಲು ಒಬ್ಬ ನಿಂತ. ಆಮೇಲೆ ಹತ್ತು ಜನ. ಕೊನೆಗೆ ಏಳುನೂರು ಜನವೂ ಕಲ್ಲು ಕೆಳಗಿಟ್ಟು ಬಲಕ್ಕೆ ತಿರುಗಿದರು.

ಅರಮನೆಯ ಬಾಗಿಲಿಂದ ಶೂನ್ಯಕೇತ ಇಳಿದು ಬಂದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಅದೇ ಹೆಚ್ಚು ಭಯವಾಗುವಂತಿತ್ತು.

"ಚೆನ್ನಾಗಿ ಕೂಗುತ್ತೀಯ ಹುಡುಗಿ," ಅಂದ. "ಆದರೆ ಊರಿಗೆ ಅಂದರೆ ಯಾವ ಊರಿಗೆ? ಅವರನ್ನೇ ಕೇಳು."

ಏಳುನೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಗೊತ್ತಿರಲಿಲ್ಲ.

"ಸೂರ್ಯ ಮುಳುಗುವುದರೊಳಗೆ ಇವರೆಲ್ಲರಿಗೂ ಅವರವರ ಊರು ನೆನಪಾದರೆ ಕರೆದುಕೊಂಡು ಹೋಗು. ಇಲ್ಲವಾದರೆ ನೀವಿಬ್ಬರೂ ಇಲ್ಲೇ ಕಲ್ಲು ಹೊರಬೇಕು. ಒಪ್ಪಿಗೆಯೇ?"

"ಒಪ್ಪಿಗೆ," ಅಂದಳು ಚಂದಲೆ.

ಕೆತ್ತಲು ಹೊತ್ತಿರಲಿಲ್ಲ. ಅವಳು ಮಸಿಯಲ್ಲಿ ದೊಡ್ಡ ಕುಂಚ ಅದ್ದಿ, ಉಳಿದ ಹಲಗೆಗಳ ಮೇಲೆ ಬರೆಯತೊಡಗಿದಳು. ದಪ್ಪಗೆ, ಓರೆಯಾಗಿ, ಪಾದ ಊರಿಸಿ, ಒಂದು ಊರಿನ ಹೆಸರು, ಇನ್ನೊಂದು ಊರಿನ ಹೆಸರು. ಒಂದು ಹಲಗೆಗೆ ಮೂರೇ ಹೆಸರು ಹಿಡಿದವು. ಹನ್ನೆರಡು ಊರು ಮುಗಿಯುವಷ್ಟರಲ್ಲಿ ಹಲಗೆ ಮುಗಿದವು. ಜನ ಹತ್ತಿರ ಬಂದು ನೋಡಿದರು, ಕಣ್ಣು ಕಿರಿದು ಮಾಡಿದರು, ಮುಖ ತಿರುಗಿಸಿದರು. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ ಹಾಗಿತ್ತು. ಯಾವ ಕೂಗೂ ಕಿವಿಗೆ ಬೀಳಲಿಲ್ಲ.

ಚಂದಲೆಯ ಕೈಯಿಂದ ಕುಂಚ ಜಾರಿತು. ಸೂರ್ಯ ನೆತ್ತಿಯಿಂದ ಇಳಿದಿದ್ದ.

"ಅಪ್ಪಾ, ನನ್ನ ಅಕ್ಷರಕ್ಕೆ ಮೆಲ್ಲಗೆ ಮಾತಾಡಲು ಬರುವುದಿಲ್ಲ," ಅಂದಳು.

"ಅದು ಅದರ ಕೆಲಸವಲ್ಲ ಮಗಳೇ. ಕರೆಯುವುದು ಅದರ ಕೆಲಸ. ಕರೆದಾಯಿತಲ್ಲ."

"ಹಾಗಾದರೆ ಹೇಳುವವರು ಯಾರು?"

ಮಾಳೋಜ ಉತ್ತರ ಕೊಡಲು ಅಂಜಿದ. ಅವನ ಅಕ್ಷರ ಗಾಳಿಗೆ ಹಾರಿದ್ದನ್ನು ಊರೇ ಕಂಡಿತ್ತು. ಚಂದಲೆಯೇ ಚೀಲದಿಂದ ಅವನು ಬರೆಯುವ ಲೆಕ್ಕಣಿಕೆ ತೆಗೆದು ಅವನ ಕೈಗಿಟ್ಟಳು.

"ನನ್ನ ಗೋಡೆಯ ಮರೆಯಲ್ಲಿ ಕೂತು ಬರೆ ಅಪ್ಪಾ. ಗಾಳಿ ಬಂದರೆ ನನ್ನ ಅಕ್ಷರ ನೋಡಿಕೊಳ್ಳುತ್ತದೆ. ಅರವತ್ತನಾಲ್ಕು ಊರನ್ನೂ ಬಲ್ಲವನು ನೀನೊಬ್ಬನೇ."

ಮಾಳೋಜ 'ಊರಿಗೆ' ಎಂಬ ದೊಡ್ಡ ಗೋಡೆಯ ಹಿಂಬದಿಯಲ್ಲಿ ಕೂತ. ಸಣ್ಣಗೆ, ನೆಟ್ಟಗೆ, ಸಾಲು ಸಾಲಾಗಿ ಬರೆಯತೊಡಗಿದ. ಬರಿಯ ಹೆಸರಲ್ಲ. ಊರಿನ ಕೆರೆ ಯಾವ ಕಡೆಗಿದೆ, ಯಾರ ಮನೆಯ ಹಿತ್ತಿಲಲ್ಲಿ ನುಗ್ಗೆಮರವಿದೆ, ಯಾವ ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತದೆ, ಯಾವ ಮನೆಯ ಅಜ್ಜಿ ಎಲ್ಲರನ್ನೂ ಬಯ್ಯುತ್ತಾಳೆ, ಎಲ್ಲವನ್ನೂ ಬರೆದ. ಜನ ಒಬ್ಬೊಬ್ಬರಾಗಿ ಬಂದು ಬಗ್ಗಿ ಓದಿದರು.

"ಇದು ನಮ್ಮಜ್ಜಿ!" ಎಂದು ಮೊದಲು ಒಬ್ಬ ನೇಕಾರ ಕೂಗಿದ. "ಹುಲಿಗುಡ್ಡೆ! ನಂದು ಹುಲಿಗುಡ್ಡೆ!"

ನೆನಪು ಬಂದವರು ಸುಮ್ಮನೆ ಕೂರಲಿಲ್ಲ. ತಮ್ಮೂರಿನ ಬೇರೆಯವರನ್ನು ಕೈಹಿಡಿದು ಕರೆತಂದು ಓದಿಸಿದರು.

ಶೂನ್ಯಕೇತ ಇದನ್ನು ಕಂಡು ತಾನೇ ಬಾಯಿತೆರೆದು ಊದಿದ. ಆ ಗಾಳಿ 'ಊರಿಗೆ'ಗೆ ಬಡಿದು ಮೇಲಕ್ಕೆ ಹೋಯಿತು. ಗೋಡೆಯ ಹಿಂದೆ ಮಾಳೋಜನ ಸಣ್ಣ ಅಕ್ಷರಗಳ ಒಂದು ಕೊಂಬೂ ಅಲುಗಲಿಲ್ಲ. ಮಾಂತ್ರಿಕ ಊದುತ್ತಲೇ ಇದ್ದ, ಮುದುಕ ಬರೆಯುತ್ತಲೇ ಇದ್ದ. ಕೊನೆಯದಾಗಿ ಕಲ್ಲುಕೊಪ್ಪಲಿನ ಸರದಿ ಬಂತು. ಮುದುಕ ಬರೆದು ಮುಗಿಸಿ ಸಿಂಗೋಜನನ್ನು ಕರೆದು ಮುಂದೆ ನಿಲ್ಲಿಸಿದ.

ಸಿಂಗೋಜ ನಿಧಾನವಾಗಿ ಓದಿದ: "ಕಲ್ಲುಕೊಪ್ಪಲು. ಎರಡನೆಯ ಓಣಿ. ಮಾಳೋಜನ ಮನೆ. ಮಗಳು ಚಂದಲೆ. ಮಗ ಸಿಂಗೋಜ. ಏಳು ವರ್ಷದವನಿದ್ದಾಗ ಬೆಲ್ಲ ಕದಿಯಲು ಹೋಗಿ ಗುಡಾಣದಲ್ಲಿ ತಲೆ ಸಿಕ್ಕಿಸಿಕೊಂಡು, ಊರೆಲ್ಲ ಸೇರಿ ಗುಡಾಣ ಒಡೆದು ಬಿಡಿಸಬೇಕಾಯಿತು."

ಅವನ ಕಿವಿ ಕೆಂಪಾಯಿತು. ಸುತ್ತ ನಿಂತವರನ್ನು ನೋಡಿದ. ಮುದುಕನನ್ನು ನೋಡಿದ.

"ಅಪ್ಪಾ," ಅಂದ, "ಅದನ್ನೂ ಬರೆಯಬೇಕಿತ್ತೇ?"

ಮಾಳೋಜ ಲೆಕ್ಕಣಿಕೆ ಕೆಳಗೆ ಹಾಕಿ ಮಗನನ್ನು ತಬ್ಬಿಕೊಂಡ. ಚಂದಲೆ ನಗುತ್ತ ಅತ್ತಳು.

ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ. ಶೂನ್ಯಕೇತ ಮೆಟ್ಟಿಲ ಮೇಲೆ ನಿಂತು ಕೂಗಿದ: "ಇದೇ ನಿಮ್ಮ ಊರು! ನಾನು ಹೇಳುತ್ತಿದ್ದೇನೆ!" ಯಾರೂ ತಿರುಗಿ ನೋಡಲಿಲ್ಲ. ಎರಡನೆಯ ಸಲ ಕೂಗಿದ. ಅರಮನೆಯ ಗೋಡೆಗಳು ಸುಣ್ಣದ ಪುಡಿಯಾಗಿ ಉದುರಿದವು. ಮೂರನೆಯ ಸಲ ಕೂಗಿದ. ಅವನ ದನಿ ಸಣ್ಣಗಾಯಿತು, ಮೈಯೂ ಸಣ್ಣಗಾಯಿತು. ಕೊನೆಗೆ ಮೊಣಕಾಲೆತ್ತರದ ಒಂದು ಸುಂಟರಗಾಳಿಯಾಗಿ ಬಯಲ ಮೇಲೆ ಸುತ್ತುತ್ತ ಹೋದ. ಅವನು ಕದ್ದ ಅಕ್ಷರಗಳು ಅರಮನೆಯ ಬುನಾದಿಯಿಂದ ಬೆಳ್ಳಕ್ಕಿಗಳ ಹಿಂಡಿನಂತೆ ಎದ್ದು ತಂತಮ್ಮ ಊರಿಗೆ ಹಾರಿದವು. ಇಂದಿಗೂ ಬೇಸಗೆಯ ಮಧ್ಯಾಹ್ನ ಹೊಲದಲ್ಲಿ ಪುಟ್ಟ ಸುಂಟರಗಾಳಿ ಸುತ್ತುವುದನ್ನು ಕಂಡರೆ ಮುದುಕಿಯರು "ಶೂನ್ಯಕೇತ ಹೋಗ್ತಿದಾನೆ, ದಾರಿ ಬಿಡ್ರೋ" ಅನ್ನುತ್ತಾರೆ. ಒಂದು ತರಗೆಲೆಯನ್ನು ಎತ್ತಿದರೆ ಅವನಿಗೆ ಅದೇ ಹೆಚ್ಚು.

ಏಳುನೂರು ಜನ ಊರು ಸೇರಿದರು. ಪೊನ್ನರಸ ಚಂದಲೆಯನ್ನು ಓಲಗಕ್ಕೆ ಕರೆಸಿದ.

"ಮಗಳೇ, ಇನ್ನು ಮುಂದೆ ಈ ರಾಜ್ಯದಲ್ಲಿ ಬರೆಯುವುದನ್ನೆಲ್ಲ ನಿನ್ನ ಅಕ್ಷರದಲ್ಲೇ ಬರೆಯಲಿ ಅಂತ ಆಜ್ಞೆ ಮಾಡಲೇ?"

"ಬೇಡ ಮಹಾಪ್ರಭು, ರಾಜ್ಯಕ್ಕೆ ತಲೆನೋವು ಬಂದೀತು," ಅಂದಳು ಚಂದಲೆ. ಓಲಗದವರು ನಕ್ಕರು. "ಊರಬಾಗಿಲಿಗೆ ಇರಲಿ, ಮಡುವಿನ ದಡಕ್ಕೆ ಇರಲಿ, ವಿಷದ ಭರಣಿಗೆ ಇರಲಿ. ದೋಣಿಯ ಮಗ್ಗುಲಿಗೆ, ಕುಸ್ತಿಯ ಕಣದ ಮುಂದೆ, ಹಬ್ಬ ಸಾರುವ ಹಲಗೆಗೆ ಚೆನ್ನಾಗಿರುತ್ತದೆ. ಆದರೆ ಕತೆ ಬರೆಯಲು, ತವರಿಗೆ ಓಲೆ ಬರೆಯಲು, ಕಷಾಯ ಮಾಡುವ ಕ್ರಮ ಬರೆಯಲು ನಮ್ಮಪ್ಪನ ಅಕ್ಷರವೇ ಆಗಬೇಕು."

ದೊರೆಗೆ ಆ ಮಾತು ಹಿಡಿಸಿತು. ಆ ತಿಂಗಳೇ ಹೊಸ ಶಾಸನವೊಂದನ್ನು ಹೊರಡಿಸಿದ. ಎಲ್ಲರೂ ಓದುವಂತೆ ಬರೆದು ನಿಲ್ಲಿಸುವತನಕ ಯಾರ ಮಾತೂ, ದೊರೆಯ ಮಾತೂ, ಹೊಂಗರೆಯಲ್ಲಿ ಕಟ್ಟಳೆಯಾಗಬಾರದು ಎಂಬುದೇ ಆ ಶಾಸನ. ಅದನ್ನು ಅಪ್ಪ ಮಗಳೇ ಕೆತ್ತಿದರು. ಮೇಲೆ ಒಂದೇ ಒಂದು ಸಾಲು ಚಂದಲೆಯದು, ದಪ್ಪಗೆ, ಓರೆಯಾಗಿ, ಪಾದ ಊರಿ: 'ಎಲ್ಲರೂ ಕೇಳಿ'. ಅದರ ಕೆಳಗೆ ಮಾಳೋಜನ ನೂರಾರು ಸಣ್ಣ ಅಕ್ಷರಗಳು.

ಶಾಸನ ನಿಲ್ಲಿಸಿದ ದಿನ ಜನ ಮೇಲಿನ ಸಾಲನ್ನು ದೂರದಿಂದಲೇ ಓದಿ ಹತ್ತಿರ ಬಂದರು. ಹತ್ತಿರ ಬಂದವರು ಕೆಳಗಿನದನ್ನು ಓದಲು ನೆರಳು ನೋಡಿಕೊಂಡು ಕೂತರು. ಓದು ಬಾರದವರಿಗೆ ಓದು ಬಲ್ಲವರು ಹೇಳಿದರು. ಆಮೇಲೆ ಎಲ್ಲರೂ ಎದ್ದು, ಮಾತಾಡಿಕೊಳ್ಳುತ್ತ, ತಮ್ಮ ತಮ್ಮ ಮನೆಗೆ ಊಟಕ್ಕೆ ಹೋದರು. ಹೊಂಗರೆಯಲ್ಲಿ ಬಹುಕಾಲ ಯಾರೂ ದಾರಿ ತಪ್ಪಲಿಲ್ಲ.